ಸುಸ್ತಿ ಪಟ್ಟಿ ಕಿರಾಣಿ ಕೌಂಟರಿಗೂ ಕಾಣುತ್ತಿತ್ತು: ನಮ್ಮ ಸೊಸೈಟಿಯ ಶೇರ್ ಫೋಲ್ಡರ್ ಸರಿ ಮಾಡಿದ ಅನುಭವ

ಶಿರಸಿಯಿಂದ ಸ್ವಲ್ಪ ಒಳಗಿರುವ ಒಂದು ಸಹಕಾರಿ ಸೊಸೈಟಿಯಲ್ಲಿ ನಾನು ಕೆಲಸ ಮಾಡುತ್ತೇನೆ. ಹೆಸರು ಬೇಡ. ನನ್ನ ಕೆಲಸ ಲೆಕ್ಕ ಬರೆಯೋದು. ಆದರೆ ಪ್ರಿಂಟರ್ ನಿಂತರೂ ನಾನೇ, ಇಂಟರ್ನೆಟ್ ಹೋದರೂ ನಾನೇ, ಅಧ್ಯಕ್ಷರ ಮೊಬೈಲಿಗೆ ಕನ್ನಡ ಕೀಬೋರ್ಡ್ ಹಾಕಿಕೊಡೋದೂ ನಾನೇ. ಹಾಗಾಗಿ ಈ ಶೇರ್ ಫೋಲ್ಡರ್ (ನೆಟ್‌ವರ್ಕಿನಲ್ಲಿ ಎಲ್ಲ ಕಂಪ್ಯೂಟರಿಗೂ ಹಂಚಿಟ್ಟ ಫೋಲ್ಡರ್) ಗಲಾಟೆಯೂ ನನ್ನ ಮೇಜಿಗೇ ಬಂತು.

ಗಲಾಟೆ ಏನಂದ್ರೆ, ಸಾಲ ವಿಭಾಗದ ಸುಸ್ತಿದಾರರ ಪಟ್ಟಿ ಕಿರಾಣಿ ಕೌಂಟರಿನ ಕಂಪ್ಯೂಟರಿನಲ್ಲೂ ತೆರೆಯುತ್ತಿತ್ತು. ಯಾರೂ ಕದ್ದು ನೋಡಿದ್ದಲ್ಲ. ಬೆಲ್ಲದ ರೇಟು ಹುಡುಕಲು ಹೋದ ಹುಡುಗನಿಗೆ ಪಕ್ಕದಲ್ಲೇ ಆ ಫೈಲ್ ಕಂಡಿತು. ತೆರೆದ. ಅದರಲ್ಲಿ ಅವನ ದೊಡ್ಡಪ್ಪನ ಹೆಸರಿತ್ತು. ಊರಲ್ಲಿ ಎಲ್ಲರೂ ಎಲ್ಲರಿಗೂ ನೆಂಟರೇ ಅಲ್ವಾ. ಸಂಜೆಯೊಳಗೆ ದೊಡ್ಡಪ್ಪ ಸೊಸೈಟಿ ಮೆಟ್ಟಿಲು ಹತ್ತಿ ಬಂದರು. ಅವರು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಸಾಲ ಕೊಟ್ಟವರಿಗೆ ಗೊತ್ತಿರಲಿ, ಸಕ್ಕರೆ ಕಟ್ಟಿಕೊಡುವವನಿಗೆ ಯಾಕೆ ಗೊತ್ತಾಗಬೇಕು?

ನಮ್ಮಲ್ಲಿ ದೊಡ್ಡ ಸರ್ವರ್ ಅಂತೇನೂ ಇಲ್ಲ. ಸೆಕ್ರೆಟರಿಯವರ ಕೋಣೆಯ ಮೂಲೆಯಲ್ಲಿ ಒಂದು ಡೆಸ್ಕ್‌ಟಾಪ್ ಇದೆ, ಯುಪಿಎಸ್ ಹಾಕಿ ದಿನವಿಡೀ ಚಾಲೂ ಇಟ್ಟಿರುತ್ತೇವೆ, ಅದನ್ನೇ ಎಲ್ಲರೂ ಸರ್ವರ್ ಅನ್ನುತ್ತಾರೆ. ಅದರ ಡಿ ಡ್ರೈವಿನಲ್ಲಿ ಒಂದು ಫೋಲ್ಡರ್. ಆ ಫೋಲ್ಡರಿಗೆ ಯಾವ ಕಾಲದಲ್ಲೋ ಯಾರೋ ಬಂದು ಎವ್ರಿವನ್, ಫುಲ್ ಕಂಟ್ರೋಲ್ ಅಂತ, ಅಂದ್ರೆ ಯಾರು ಬೇಕಾದರೂ ಏನು ಬೇಕಾದರೂ ಮಾಡಬಹುದು ಅಂತ, ಟಿಕ್ ಹಾಕಿ ಹೋಗಿದ್ದರು. ಬೇಗ ಕೆಲಸ ಆಗಬೇಕು ಅಂದ್ರೆ ಎಲ್ಲ ಕಡೆ ಹೀಗೇ ಮಾಡುತ್ತಾರೆ. ಆವತ್ತಿಗೆ ಕೆಲಸ ಆಗುತ್ತದೆ, ಹಾಗಾಗಿ ಮತ್ತೆ ಯಾರೂ ಅದರ ತಂಟೆಗೆ ಹೋಗುವುದಿಲ್ಲ.

ನಾನು ಮೊದಲು ಕಂಪ್ಯೂಟರ್ ಮುಟ್ಟಲಿಲ್ಲ. ಒಂದು ದೊಡ್ಡ ಹಾಳೆ ತೆಗೆದುಕೊಂಡು ಮೇಲಿನ ಸಾಲಿನಲ್ಲಿ ವಿಭಾಗಗಳನ್ನು ಬರೆದೆ: ಸಾಲ, ವ್ಯಾಪಾರ, ಕಿರಾಣಿ, ಲೆಕ್ಕ, ಆಡಳಿತ. ಎಡಕ್ಕೆ ಫೋಲ್ಡರುಗಳು. ಪ್ರತಿ ಚೌಕದಲ್ಲಿ ಮೂರರಲ್ಲಿ ಒಂದು ಮಾತು ಬರಬೇಕು: ಬರೀಬೇಕು, ನೋಡಿದ್ರೆ ಸಾಕು, ಬೇಡ. ಇಷ್ಟೇ. ಆದರೆ ಇದನ್ನು ತುಂಬಿಸುವಾಗ ಆದ ಮಾತುಕತೆಯೇ ಇಡೀ ಕೆಲಸದಲ್ಲಿ ಜಾಸ್ತಿ ಹೊತ್ತು ಹಿಡಿಯಿತು.

ವ್ಯಾಪಾರ ವಿಭಾಗದವರು ಅಡಿಕೆ ಟೆಂಡರ್ ನೋಡುತ್ತಾರೆ. ಚಾಲಿ, ರಾಶಿ, ಬೆಟ್ಟೆ, ಕೆಂಪುಗೋಟು, ಬಿಳೆಗೋಟು, ಕೋಕ ಅಂತ ಒಂದೊಂದಕ್ಕೂ ದಿನದ ದರ ಬರೆದಿಡುತ್ತಾರೆ. ಅದನ್ನು ನೋಡಬೇಕಾದವರು ಎಷ್ಟು ಜನ ಅಂತ ಕೇಳಿದರೆ, ಎಲ್ಲರೂ! ಸಾಲ ವಿಭಾಗದವರಿಗೆ ಬೇಕು, ಯಾಕಂದ್ರೆ ಅಡಿಕೆಯ ಮೇಲೆ ಮುಂಗಡ ಕೊಡುವಾಗ ದರ ನೋಡುತ್ತಾರೆ. ಕಿರಾಣಿಯವರಿಗೂ ಬೇಕು, ಯಾಕಂದ್ರೆ ಅಕ್ಕಿ ಒಯ್ಯಲು ಬಂದ ಸದಸ್ಯರು ಮೊದಲು ಕೇಳೋದೇ "ಇವತ್ತು ಚಾಲಿ ಎಷ್ಟು?" ಅಂತ. ಆದರೆ ಬರೆಯುವ ಅಧಿಕಾರ? ಅದು ವ್ಯಾಪಾರದವರಿಗೆ ಮಾತ್ರ. ಇದರಲ್ಲಿ ಜಗಳ ಬರಲಿಲ್ಲ.

ಜಗಳ ಬಂದಿದ್ದು ಹಿರಿಯ ಗುಮಾಸ್ತರ ಹತ್ತಿರ. ಅವರು ಮೊದಲಿಂದ ಎಲ್ಲ ಫೋಲ್ಡರ್ ತೆರೆದು ನೋಡಿ ರೂಢಿ ಮಾಡಿಕೊಂಡವರು. "ನನ್ಮೇಲೆ ನಂಬಿಕೆ ಇಲ್ಲೆ ಅಂತಾ ಆತು" ಅಂದುಬಿಟ್ಟರು. ನಾನು ಹಾಳೆ ತೋರಿಸಿದೆ. ಅಣ್ಣಾ, ಸಂಬಳದ ಫೋಲ್ಡರ್ ನನಗೂ ಬೇಡ ಅಂತ ಬರೆದಿದೆ ನೋಡಿ ಅಂದೆ. ಅದು ನಿಜವೂ ಹೌದು, ಸಂಬಳ ನೋಡೋದು ಸೆಕ್ರೆಟರಿಯವರು ಮತ್ತು ಲೆಕ್ಕ ವಿಭಾಗದ ಅಕ್ಕ ಇಬ್ಬರೇ. (ಅಡ್ಮಿನ್ ಖಾತೆಯ ಪಾಸ್‌ವರ್ಡ್ ನನ್ನ ಹತ್ತಿರ ಇದ್ದರೆ ಬೇಕಾದಾಗ ಬಾಗಿಲು ತೆಗೆದುಕೊಳ್ಳಬಹುದು ಅನ್ನೋದು ಬೇರೆ ಮಾತು. ಅದಕ್ಕೇ ಆ ಪಾಸ್‌ವರ್ಡನ್ನು ಲಕೋಟೆಯಲ್ಲಿ ಹಾಕಿ ಸೆಕ್ರೆಟರಿಯವರ ಲಾಕರಿನಲ್ಲಿ ಇಡಿಸಿದೆ.) ಹಾಳೆಗೆ ಕೊನೆಗೆ ಸೆಕ್ರೆಟರಿಯವರ ಸಹಿ ಹಾಕಿಸಿಕೊಂಡೆ. ಈ ಸಹಿ ಬಹಳ ಕೆಲಸಕ್ಕೆ ಬಂತು. ಆಮೇಲೆ ಯಾರು ಬಂದು "ನಂಗೂ ಒಂದು ಕೊಡೋ" ಅಂದರೂ ನಾನು ಹಾಳೆ ತೋರಿಸಿ ಸುಮ್ನಾಗುತ್ತಿದ್ದೆ.

ಇನ್ನು ಕಂಪ್ಯೂಟರಿನ ವಿಷಯ. ವಿಂಡೋಸಿನಲ್ಲಿ ಒಂದು ಫೋಲ್ಡರನ್ನು ನೆಟ್‌ವರ್ಕಿಗೆ ಬಿಟ್ಟಾಗ ಅನುಮತಿ ಎರಡು ಕಡೆ ಇರುತ್ತದೆ. ಒಂದು ಶೇರಿಂಗ್ ಟ್ಯಾಬಿನಲ್ಲಿ, ಅಲ್ಲಿ ಮೂರೇ ಆಯ್ಕೆ: ರೀಡ್ (ನೋಡೋದು ಮಾತ್ರ), ಚೇಂಜ್ (ಬರೆದು, ತಿದ್ದಿ, ಅಳಿಸೋದು), ಫುಲ್ ಕಂಟ್ರೋಲ್ (ಅನುಮತಿ ಬದಲಿಸೋದೂ ಸೇರಿ ಎಲ್ಲ). ಇನ್ನೊಂದು ಸೆಕ್ಯುರಿಟಿ ಟ್ಯಾಬಿನಲ್ಲಿ, ಅದು ಎನ್‌ಟಿಎಫ್‌ಎಸ್ ಅನುಮತಿ, ಅಂದ್ರೆ ಡಿಸ್ಕಿನಲ್ಲಿ ಫೈಲಿನ ಜೊತೆಗೇ ಇರೋದು, ಅಲ್ಲಿ ಆಯ್ಕೆ ತುಂಬಾ. ನಮ್ಮ ಕಡೆಯ ಮನೆಗೆ ದಣಪೆ, ಅಂದ್ರೆ ಅಂಗಳದ ಹೊರಗಿನ ಗೇಟು, ಇರುತ್ತದಲ್ಲ, ದಣಪೆ ದಾಟಿ ಅಂಗಳಕ್ಕೆ ಬಂದವರೆಲ್ಲ ಒಳಕೋಣೆಗೆ ಹೋಗುವುದಿಲ್ಲ. ಹಾಗೇ, ಶೇರ್ ಅನುಮತಿ ದಣಪೆ, ಸೆಕ್ಯುರಿಟಿ ಒಳಬಾಗಿಲು. ನೆಟ್‌ವರ್ಕಿನಿಂದ ಬಂದವರಿಗೆ ಎರಡರಲ್ಲಿ ಯಾವುದು ಬಿಗಿಯೋ ಅದೇ ಲೆಕ್ಕ. ಅದೇ ಕಂಪ್ಯೂಟರಿನ ಮುಂದೆ ಕೂತವರಿಗೆ ಮಾತ್ರ ದಣಪೆ ಇಲ್ಲ, ನೇರ ಒಳಬಾಗಿಲು.

ಎರಡೂ ಕಡೆ ಬೇರೆ ಬೇರೆ ಬಿಗಿ ಹಾಕಿದರೆ ಆಮೇಲೆ ತಲೆ ಕೆಡುತ್ತದೆ. ಹಾಗಾಗಿ ಶೇರ್ ಕಡೆ ಎಲ್ಲ ವಿಭಾಗಕ್ಕೂ ಒಂದೇ ಸಮ ಚೇಂಜ್ ಕೊಟ್ಟೆ. ನಿಜವಾದ ಕಟ್ಟುಪಾಡು ಎಲ್ಲ ಸೆಕ್ಯುರಿಟಿ ಕಡೆ. ಫುಲ್ ಕಂಟ್ರೋಲ್ ಯಾಕೆ ಬೇಡ ಅಂದ್ರೆ, ಒಂದು ಫೈಲ್ ಮಾಡಿದವರು ಅದರ ಓನರ್ ಆಗಿರುತ್ತಾರೆ, ಓನರ್ ಆದವರು ತಮ್ಮ ಫೈಲಿನ ಅನುಮತಿಯನ್ನು ತಾವೇ ಬದಲಿಸಬಹುದು. ಶೇರ್ ಕಡೆ ಚೇಂಜ್ ಮಾತ್ರ ಇದ್ದರೆ ನೆಟ್‌ವರ್ಕಿನಿಂದ ಆ ಕೆಲಸ ನಡೆಯುವುದಿಲ್ಲ.

ಮುಟ್ಟುವ ಮೊದಲು ಇಡೀ ಫೋಲ್ಡರನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿಕೊಂಡೆ. ಹಳೆಯ ಅನುಮತಿಗಳನ್ನೂ ಐಕ್ಯಾಕಲ್ಸ್ ಅನ್ನೋ ಕಮಾಂಡಿನಿಂದ ಒಂದು ಫೈಲಿಗೆ ಸೇವ್ ಮಾಡಿಟ್ಟೆ, ಏನಾದರೂ ಎಡವಟ್ಟಾದರೆ ಅದರಿಂದಲೇ ವಾಪಸ್ ತರಬಹುದು. ಆಮೇಲೆ ಭಾನುವಾರ ಬಂದು ಕೂತೆ. ಹೊರಗೆ ಮಳೆ, ಕರೆಂಟು ಹೋಗಿ ಬಂದು ಮಾಡುತ್ತಿತ್ತು.

ಹಳೆಯ ಸೆಕ್ಯುರಿಟಿ ಪಟ್ಟಿ ತೆರೆದರೆ ನೋಡುವಂತಿತ್ತು. ಮೇಲೆ ಎವ್ರಿವನ್. ಕೆಳಗೆ ನಿವೃತ್ತರಾದ ಒಬ್ಬರು, ಕೆಲಸ ಬಿಟ್ಟು ಬೆಂಗಳೂರಿಗೆ ಹೋದ ಒಬ್ಬರು. ಅದರ ಕೆಳಗೆ ಹೆಸರೇ ಇಲ್ಲದ ಸಾಲುಗಳು, ಎಸ್-1-5-21 ಅಂತ ಶುರುವಾಗಿ ಉದ್ದಕ್ಕೆ ಅಂಕಿ, ಪಕ್ಕದಲ್ಲಿ ಪ್ರಶ್ನೆ ಚಿಹ್ನೆ ಇರುವ ತಲೆಯ ಚಿತ್ರ. ಖಾತೆ ಅಳಿಸಿದ್ದಾರೆ, ಅನುಮತಿ ಅಳಿಸಿಲ್ಲ, ಹಾಗಾಗಿ ವಿಂಡೋಸಿಗೆ ಹೆಸರು ಸಿಗದೆ ನಂಬರ್ ತೋರಿಸುತ್ತಿದೆ. ಒಬ್ಬೊಬ್ಬರ ಹೆಸರಿಗೆ ಅನುಮತಿ ಕೊಡುತ್ತಾ ಹೋದರೆ ಹೀಗೇ ಆಗೋದು. ನಾನು ವಿಭಾಗಕ್ಕೊಂದು ಗ್ರೂಪ್ ಮಾಡಿದೆ, ಫೋಲ್ಡರಿಗೆ ಗ್ರೂಪನ್ನು ಮಾತ್ರ ಸೇರಿಸಿದೆ. ಈಗ ಯಾರಾದರೂ ಕಿರಾಣಿಯಿಂದ ಸಾಲ ವಿಭಾಗಕ್ಕೆ ಬಂದರೆ ಒಂದು ಗ್ರೂಪಿನಿಂದ ತೆಗೆದು ಇನ್ನೊಂದಕ್ಕೆ ಹಾಕಿದರೆ ಮುಗೀತು, ಫೋಲ್ಡರ್ ಮುಟ್ಟೋದೇ ಬೇಡ.

ಡೊಮೇನ್ (ಎಲ್ಲರ ಖಾತೆಗಳನ್ನು ಒಂದೇ ಸರ್ವರಿನಲ್ಲಿ ಇಡುವ ವ್ಯವಸ್ಥೆ) ಇಲ್ಲದ ಸಣ್ಣ ಆಫೀಸಿನಲ್ಲಿ ಖಾತೆಗಳನ್ನೆಲ್ಲ ಫೋಲ್ಡರ್ ಇರುವ ಕಂಪ್ಯೂಟರಿನಲ್ಲೇ ಮಾಡಬೇಕು. ನಮ್ಮದರಲ್ಲಿ ವಿಂಡೋಸ್ 11 ಪ್ರೊ ಇದೆ, ಆದ್ದರಿಂದ ಲೋಕಲ್ ಯೂಸರ್ಸ್ ಆ್ಯಂಡ್ ಗ್ರೂಪ್ಸ್ ಕಿಟಕಿ ಸಿಕ್ಕಿತು. ಹೋಮ್ ಆವೃತ್ತಿಯಲ್ಲಿ ಅದು ತೆರೆಯೋದಿಲ್ಲ. ಪ್ರತಿಯೊಬ್ಬರ ಸೀಟಿನ ಕಂಪ್ಯೂಟರಿನಲ್ಲಿ ಯಾವ ಹೆಸರು, ಯಾವ ಪಾಸ್‌ವರ್ಡ್ ಇದೆಯೋ ಅದನ್ನೇ ಇಲ್ಲೂ ಇಟ್ಟರೆ ಪದೇ ಪದೇ ಪಾಸ್‌ವರ್ಡ್ ಕೇಳುವುದಿಲ್ಲ. ಇಲ್ಲಿ ಎರಡು ಕಿರಿಕಿರಿ. ಹಿರಿಯ ಗುಮಾಸ್ತರ ಕಂಪ್ಯೂಟರಿಗೆ ಪಾಸ್‌ವರ್ಡೇ ಇರಲಿಲ್ಲ. ಖಾಲಿ ಪಾಸ್‌ವರ್ಡಿನ ಖಾತೆಯನ್ನು ವಿಂಡೋಸ್ ನೆಟ್‌ವರ್ಕಿನಲ್ಲಿ ಒಳಗೆ ಬಿಡೋದಿಲ್ಲ, ಅವರಿಗೆ ಪಾಸ್‌ವರ್ಡ್ ಇಡಿಸಲೇಬೇಕಾಯಿತು. ಇನ್ನೊಬ್ಬರು ನಾಲ್ಕಂಕಿಯ ಪಿನ್ ಹಾಕಿ ಒಳಗೆ ಹೋಗುವವರು. ಪಿನ್ ಆ ಕಂಪ್ಯೂಟರಿಗೆ ಮಾತ್ರ. ನೆಟ್‌ವರ್ಕ್ ಪಾಸ್‌ವರ್ಡ್ ಕೇಳಿದಾಗ ಪಿನ್ ಒತ್ತಿ ಒತ್ತಿ ಬೇಜಾರು ಮಾಡಿಕೊಂಡಿದ್ದರು.

ಇನ್‌ಹೆರಿಟೆನ್ಸ್, ಅಂದ್ರೆ ಮೇಲಿನ ಅನುಮತಿ ಒಳಗಿನ ಫೋಲ್ಡರಿಗೂ ಇಳಿದು ಬರೋದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದ್ರೆ ಇಲ್ಲೇ ಹೆಚ್ಚಿನವರು ಸಿಕ್ಕಿಬೀಳೋದು. ಡಿ ಡ್ರೈವಿನ ಬುಡದಲ್ಲೇ ಆಥೆಂಟಿಕೇಟೆಡ್ ಯೂಸರ್ಸ್ ಅಂತ ಒಂದು ಸಾಲು ಇರುತ್ತದೆ, ಅದಕ್ಕೆ ಮಾಡಿಫೈ (ತಿದ್ದುವ, ಅಳಿಸುವ ಹಕ್ಕು) ಇರುತ್ತದೆ. ವಿಂಡೋಸ್ ತಾನಾಗಿಯೇ ಇಟ್ಟದ್ದು. ಒಳಗೆ ಮಾಡಿದ ಫೋಲ್ಡರ್ ಎಲ್ಲಕ್ಕೂ ಅದು ಇಳಿದು ಬರುತ್ತದೆ. ನೀವು ಎವ್ರಿವನ್ ತೆಗೆದು ಹಾಕಿ ಗ್ರೂಪ್ ಸೇರಿಸಿ ಎಲ್ಲ ಸರಿಯಾಯ್ತು ಅಂದುಕೊಂಡರೂ, ಹೆಸರು ಪಾಸ್‌ವರ್ಡ್ ಇರುವ ಯಾರು ಬೇಕಾದರೂ ಈ ಸಾಲಿನ ಬಲದಲ್ಲಿ ಒಳಗೆ ಬಂದೇ ಬರುತ್ತಾರೆ. ತೆಗೆಯೋಣ ಅಂದರೆ ಬೂದು ಬಣ್ಣದಲ್ಲಿ ಕೂತಿರುತ್ತದೆ, ಅಳಿಸಲು ಬರೋದಿಲ್ಲ. ಅಡ್ವಾನ್ಸ್‌ಡ್‌ಗೆ ಹೋಗಿ ಡಿಸೇಬಲ್ ಇನ್‌ಹೆರಿಟೆನ್ಸ್ ಒತ್ತಬೇಕು. ಆಗ ಎರಡು ಪ್ರಶ್ನೆ ಬರುತ್ತದೆ: ಇಳಿದು ಬಂದಿದ್ದನ್ನು ಇಲ್ಲಿಯದೇ ಮಾಡಿಕೊಳ್ಳಲೋ, ಪೂರ್ತಿ ತೆಗೆಯಲೋ. ಮೊದಲನೆಯದನ್ನೇ ಒತ್ತಿ. ಪೂರ್ತಿ ತೆಗೆದರೆ ಸಿಸ್ಟಮ್ (ವಿಂಡೋಸ್ ತಾನೇ ಬಳಸುವ ಖಾತೆ), ಅಡ್ಮಿನಿಸ್ಟ್ರೇಟರ್ಸ್ ಎರಡೂ ಹೋಗಿ, ಬ್ಯಾಕಪ್ ನಡೆಯೋದಿಲ್ಲ, ನಿಮಗೇ ಪ್ರವೇಶ ಇರೋದಿಲ್ಲ. ಮೊದಲನೆಯದು ಒತ್ತಿದ ಮೇಲೆ ಆಥೆಂಟಿಕೇಟೆಡ್ ಯೂಸರ್ಸ್, ಯೂಸರ್ಸ್ ಇವೆರಡನ್ನು ಕೈಯಿಂದ ತೆಗೆಯಿರಿ. ಸಿಸ್ಟಮ್, ಅಡ್ಮಿನಿಸ್ಟ್ರೇಟರ್ಸ್ ಹಾಗೇ ಇರಲಿ.

ಡಿನೈ (ಪ್ರವೇಶ ಬೇಡ) ಅನ್ನೋ ಕಾಲಂ ನೋಡಿದರೆ ಕೈ ತುರಿಸುತ್ತದೆ. ಬೇಡದವರಿಗೆ ಡಿನೈ ಟಿಕ್ ಮಾಡಿದರೆ ಆಯ್ತಲ್ಲ ಅಂತ. ನಮ್ಮ ಹಳೆಯ ಫೋಲ್ಡರ್ ಒಂದರಲ್ಲಿ ಮೊದಲು ಬಂದು ಹೋದವರು ತಾವೇ ಮಾಡಿದ್ದ ಹಳೆಯ ಕಿರಾಣಿ ಗ್ರೂಪಿಗೆ ಡಿನೈ ಹಾಕಿದ್ದರು. ಸೆಕ್ರೆಟರಿಯವರು ಆಗಿನ ಎಲ್ಲ ಗ್ರೂಪಿನಲ್ಲೂ ಇದ್ದರು. ಅವರಿಗೆ ಆ ಫೋಲ್ಡರ್ ತೆರೆಯುತ್ತಲೇ ಇರಲಿಲ್ಲ. ಒಂದೇ ಕಡೆ ಅಲೋ, ಡಿನೈ ಎರಡೂ ಇದ್ದರೆ ಡಿನೈ ಗೆಲ್ಲುತ್ತದೆ. ಕೊಡಬಾರದು ಅಂದರೆ ಪಟ್ಟಿಯಲ್ಲಿ ಬರೆಯದೇ ಇದ್ದರೆ ಸಾಕು. ಇಡೀ ಆಫೀಸಿನಲ್ಲಿ ಈಗ ಒಂದೂ ಡಿನೈ ಇಲ್ಲ.

ಅಧ್ಯಕ್ಷರಿಗೆ ಇನ್ನೊಂದು ಆಸೆ ಇತ್ತು. ತೆರೆಯಬಾರದ ಫೋಲ್ಡರಿನ ಹೆಸರೂ ಕಾಣಬಾರದು. ವಿಂಡೋಸ್ ಸರ್ವರಿನಲ್ಲಿ ಹಾಗೆ ಮಾಡಬಹುದು, ನಮ್ಮ ಮಾಮೂಲಿ ವಿಂಡೋಸಿನ ಶೇರಿಂಗ್ ಕಿಟಕಿಯಲ್ಲಿ ಅದಕ್ಕೆ ಆಯ್ಕೆ ಇಲ್ಲ. ಶೇರ್ ಹೆಸರಿನ ಕೊನೆಗೆ $ ಹಾಕಿದರೆ ಪಟ್ಟಿಯಲ್ಲಿ ಕಾಣೋದಿಲ್ಲ, ಆದರೆ ವಿಳಾಸ ಗೊತ್ತಿದ್ದವರು ಟೈಪ್ ಮಾಡಿ ಹೋಗಬಹುದು, ಅದನ್ನೇ ನಂಬಿ ಕೂರುವಂತಿಲ್ಲ. "ಸುಸ್ತಿ - ಕಾನೂನು ಕ್ರಮ" ಅಂತ ಹೊರಗೇ ಹೆಸರು ಹೊತ್ತು ಕೂತಿದ್ದ ಫೋಲ್ಡರನ್ನು ಸಾಲ ವಿಭಾಗದ ಫೋಲ್ಡರಿನ ಒಳಗೆ ಸೇರಿಸಿದೆವು. ಈಗ ಹೊರಗಿನವರಿಗೆ ಕಾಣೋದು ಸಾಲ ಅನ್ನೋ ಹೆಸರು ಮಾತ್ರ.

ಪರೀಕ್ಷೆ ಮಾಡೋದು ಅಂದ್ರೆ ಪ್ರತಿ ಸೀಟಿನಲ್ಲಿ ಕೂತು ನೋಡೋದು. ಸೆಕ್ಯುರಿಟಿಯ ಅಡ್ವಾನ್ಸ್‌ಡ್‌ನಲ್ಲಿ ಎಫೆಕ್ಟಿವ್ ಆಕ್ಸೆಸ್ ಅಂತ ಇದೆ, ಹೆಸರು ಕೊಟ್ಟರೆ ಏನೇನು ಸಿಗುತ್ತದೆ ಅಂತ ಹೇಳುತ್ತದೆ, ಒಳ್ಳೆಯದೇ. ಆದರೂ ಕೂತು ನೋಡಿದರೇ ಸಮಾಧಾನ. ಒಂದು ಕಂಪ್ಯೂಟರಿನಲ್ಲಿ 1219 ಅನ್ನೋ ಎರರ್ ಬಂತು. ಒಂದೇ ಕಂಪ್ಯೂಟರಿನಿಂದ ಒಂದೇ ಸರ್ವರಿಗೆ ಎರಡು ಹೆಸರಿನಲ್ಲಿ ಹೋಗಲು ಬಿಡೋದಿಲ್ಲ ಅಂತ ಅದರ ಅರ್ಥ. ಕಮಾಂಡ್ ಪ್ರಾಂಪ್ಟಿನಲ್ಲಿ ನೆಟ್ ಯೂಸ್ ಕಮಾಂಡ್ ಕೊಟ್ಟು ಹಳೆಯ ಜೋಡಣೆ ಎಲ್ಲ ಅಳಿಸಿ, ಕ್ರೆಡೆನ್ಶಿಯಲ್ ಮ್ಯಾನೇಜರಿನಲ್ಲಿ ಉಳಿದಿದ್ದ ಹಳೆಯ ಹೆಸರನ್ನೂ ತೆಗೆದು, ಲಾಗಾಫ್ ಮಾಡಿ ಬಂದಾಗ ಸರಿಯಾಯಿತು. ಗ್ರೂಪ್ ಬದಲಿಸಿದಾಗಲೂ ಅಷ್ಟೇ, ಹೊರಗೆ ಹೋಗಿ ಮತ್ತೆ ಒಳಗೆ ಬರೋವರೆಗೆ ಹೊಸ ಅನುಮತಿ ಹಿಡಿಯೋದಿಲ್ಲ.

ಸೋಮವಾರ ಬೆಳಗ್ಗೆ ಫೋನೋ ಫೋನು. "ತಮಾ, ಎಂಥಾ ಮಾಡಿಟ್ಯ? ನನ್ ಫೋಲ್ಡರೇ ಕಾಣ್ತಿಲ್ಲೆ." ಹೆಚ್ಚಿನವು ಹಳೆಯ ಶಾರ್ಟ್‌ಕಟ್ ಗೋಳು. ಫೋಲ್ಡರ್ ಜಾಗ ಬದಲಾಗಿದೆ, ಡೆಸ್ಕ್‌ಟಾಪಿನ ಶಾರ್ಟ್‌ಕಟ್ ಹಳೆಯ ಜಾಗಕ್ಕೇ ಹೋಗುತ್ತಿದೆ. ಅದು ಮಧ್ಯಾಹ್ನದೊಳಗೆ ಮುಗಿಯಿತು. ಮುಗಿಯದೇ ಉಳಿದಿದ್ದು ಜೆರಾಕ್ಸ್ ಯಂತ್ರ. ಅದಕ್ಕೆ ಸ್ಕ್ಯಾನ್ ಮಾಡಿ ನೇರವಾಗಿ ಶೇರ್ ಫೋಲ್ಡರಿಗೆ ಹಾಕಲು ಆಗುತ್ತಿರಲಿಲ್ಲ. ಯಂತ್ರ ಹಳೆಯದು, ನೆಟ್‌ವರ್ಕಿನಲ್ಲಿ ಫೈಲ್ ಹಂಚಲು ಎಸ್‌ಎಂಬಿ 1 ಅನ್ನೋ ಹಳೆಯ ರೀತಿಯಲ್ಲಿ ಮಾತ್ರ ಮಾತಾಡುತ್ತದೆ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಅನ್ನೋ ವೈರಸ್ ಲೋಕದ ತುಂಬ ಓಡಾಡಿದ್ದು ಈ ಎಸ್‌ಎಂಬಿ 1ರ ತೂತಿನಿಂದಲೇ. ಅದೇ ವರ್ಷದ ಕೊನೆಗೆ ಬಂದ ವಿಂಡೋಸ್ 10ರ 1709 ಆವೃತ್ತಿಯಿಂದ ಹೊಸದಾಗಿ ಹಾಕಿದ ವಿಂಡೋಸಿನಲ್ಲಿ ಫೋಲ್ಡರ್ ಹಂಚುವ ಕಡೆಯ ಎಸ್‌ಎಂಬಿ 1 ತಾನಾಗಿ ಇರೋದಿಲ್ಲ. ವಿಂಡೋಸ್ 11ರ 24ಎಚ್2 ಬಂದ ಮೇಲೆ ಪ್ರೊ ಆವೃತ್ತಿ ಇನ್ನೂ ಬಿಗಿ, ಪಾಸ್‌ವರ್ಡ್ ಇಲ್ಲದ ಗೆಸ್ಟ್ ಪ್ರವೇಶವನ್ನೂ ಒಪ್ಪೋದಿಲ್ಲ. ರಿಪೇರಿಗೆ ಬಂದ ಹುಡುಗ "ಎಸ್‌ಎಂಬಿ 1 ಆನ್ ಮಾಡಿದ್ರೆ ಆಯ್ತು ಸಾರ್" ಅಂದ. ಮಾಡಬಹುದು. ಆದರೆ ಸದಸ್ಯರ ಸಾಲದ ಕಾಗದ ಇರುವ ಯಂತ್ರದಲ್ಲಿ ಒಂದು ಸ್ಕ್ಯಾನರಿಗೋಸ್ಕರ ಆ ತೂತು ಬಿಚ್ಚೋದು ನನಗೆ ಇಷ್ಟ ಆಗಲಿಲ್ಲ. ಈಗ ಸ್ಕ್ಯಾನ್ ಪೆನ್‌ಡ್ರೈವಿಗೆ ಬರುತ್ತದೆ, ಅಲ್ಲಿಂದ ಫೋಲ್ಡರಿಗೆ ಹಾಕುತ್ತಾರೆ. ಬೈಯುತ್ತಾರೆ, ಬೈಯಲಿ.

ಅಧ್ಯಕ್ಷರ ಕೊನೆಯ ಬೇಡಿಕೆ ಎಲ್ಲಕ್ಕಿಂತ ಕಷ್ಟದ್ದು. "ಬರೀಲಿ, ತಿದ್ದಲಿ, ಆದರೆ ಅಳಿಸಬಾರದು." ಕೇಳಲು ಸರಳ. ನೆಟ್‌ವರ್ಕ್ ಫೋಲ್ಡರಿನಲ್ಲಿ ಅಳಿಸಿದ ಫೈಲ್ ರೀಸೈಕಲ್ ಬಿನ್ನಿಗೆ ಹೋಗೋದಿಲ್ಲ, ನೇರ ಮಾಯ, ಹಾಗಾಗಿ ಅವರ ಹೆದರಿಕೆಯೂ ಸರಿ. ಅಡ್ವಾನ್ಸ್‌ಡ್ ಅನುಮತಿಯಲ್ಲಿ ಡಿಲೀಟ್ ಮತ್ತು ಡಿಲೀಟ್ ಸಬ್‌ಫೋಲ್ಡರ್ಸ್ ಆ್ಯಂಡ್ ಫೈಲ್ಸ್ ಎರಡರ ಟಿಕ್ ತೆಗೆಯಬಹುದು. ಒಂದು ಖಾಲಿ ಫೋಲ್ಡರ್ ಮಾಡಿ ಅದರಲ್ಲಿ ಹಾಗೆ ಮಾಡಿ ತೋರಿಸಿದೆ. ಎಕ್ಸೆಲ್ ಹಾಳೆ ತೆರೆದು ಒಂದು ಅಂಕಿ ತಿದ್ದಿ ಸೇವ್ ಒತ್ತಿದೆ. ಸೇವ್ ಆಗಲಿಲ್ಲ, ಅನುಮತಿ ಇಲ್ಲ ಅಂತ ಬಂತು. ಫೋಲ್ಡರಿನಲ್ಲಿ ಹೊಸದೊಂದು ಫೈಲ್ ಕೂತಿತ್ತು, ಅಂಕಿ ಅಕ್ಷರ ಬೆರೆತ ಎಂಟಕ್ಷರದ ಹೆಸರು, ಹಿಂದೆ ಎಕ್ಸ್‌ಟೆನ್ಶನ್ನೂ ಇಲ್ಲ. ಮತ್ತೆ ಸೇವ್ ಒತ್ತಿದರೆ ಅಂಥದ್ದೇ ಇನ್ನೊಂದು. ಎಕ್ಸೆಲ್ ಸೇವ್ ಮಾಡುವ ಕ್ರಮವೇ ಹಾಗೆ. ಮೊದಲು ಪಕ್ಕದಲ್ಲಿ ಒಂದು ತಾತ್ಕಾಲಿಕ ಫೈಲಿಗೆ ಬರೆಯುತ್ತದೆ, ಆಮೇಲೆ ಹಳೆಯದನ್ನು ಅಳಿಸಿ ಹೊಸದಕ್ಕೆ ಹಳೆಯ ಹೆಸರು ಇಡುತ್ತದೆ. ಅಳಿಸುವ ಹಕ್ಕಿಲ್ಲ ಅಂದ್ರೆ ತಿದ್ದುವ ಹಕ್ಕೂ ಇಲ್ಲದ ಹಾಗೇ. ಅಧ್ಯಕ್ಷರು ಕನ್ನಡಕ ಏರಿಸಿ ಆ ಎಂಟಕ್ಷರದ ಫೈಲುಗಳನ್ನೇ ನೋಡುತ್ತಾ ನಿಂತರು, "ಹಂಗಾರೆ ಬ್ಯಾಕಪ್ಪೇ ಗತಿ" ಅಂದರು.

ಹೌದು, ಬ್ಯಾಕಪ್ಪೇ ಗತಿ. ಮಾರ್ಚ್ 31ಕ್ಕೆ ವರ್ಷ ಮುಗಿದು ಲೆಕ್ಕ ಮುಚ್ಚಿದ ಮೇಲೆ ಆ ವರ್ಷದ ಫೋಲ್ಡರ್ ಎಲ್ಲರಿಗೂ ರೀಡ್ ಮಾತ್ರ. ಚಾಲ್ತಿ ವರ್ಷದ್ದು ದಿನಾ ರಾತ್ರಿ ರೋಬೋಕಾಪಿ ಅನ್ನೋ ವಿಂಡೋಸಿನ ನಕಲು ಕಮಾಂಡಿನಿಂದ ಹೊರಗಿನ ಡಿಸ್ಕಿಗೆ ಹೋಗುತ್ತದೆ, ವಾರದ ಹೆಸರಿನ ಫೋಲ್ಡರುಗಳಿಗೆ, ಸೋಮವಾರದ್ದು ಸೋಮವಾರಕ್ಕೆ. ಒಂದೇ ಫೋಲ್ಡರಿಗೆ ಮಿರರ್ (ಪಡಿಯಚ್ಚು) ಮಾಡಿದರೆ ಇಲ್ಲಿ ಅಳಿಸಿದ್ದು ಆ ರಾತ್ರಿಯೇ ಅಲ್ಲೂ ಅಳಿಸಿ ಹೋಗುತ್ತದೆ, ಅದಕ್ಕೇ ಈ ಏಳು ಫೋಲ್ಡರ್.

ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರಿನ ಡೇಟಾ ಫೋಲ್ಡರಿನದ್ದೂ ಇದೇ ಕಥೆ. ಅದರಲ್ಲಿ ಎಂಟ್ರಿ ಹಾಕುವವರಿಗೆ ಫೋಲ್ಡರಿನಲ್ಲಿ ಬರೆಯುವ ಅನುಮತಿ ಬೇಕೇ ಬೇಕು. ಯಾರು ಯಾವ ವೋಚರ್ ನೋಡಬೇಕು ಅನ್ನೋದನ್ನು ಟ್ಯಾಲಿಯ ಒಳಗಿನ ಯೂಸರ್ ವ್ಯವಸ್ಥೆಯಲ್ಲೇ ಕಟ್ಟಬೇಕು, ಫೋಲ್ಡರಿನಿಂದ ಆಗೋದಿಲ್ಲ.

ಈಗಲೂ ಆಗಾಗ ಬರುವ ದೂರು ಒಂದೇ. ಲೆಕ್ಕ ವಿಭಾಗದ ಅಕ್ಕ ತಮ್ಮ ಫೋಲ್ಡರಿನ ಫೈಲೊಂದನ್ನು ಎಲ್ಲರೂ ನೋಡಲಿ ಅಂತ ಸಾಮಾನ್ಯ ಫೋಲ್ಡರಿಗೆ ಎಳೆದು ಹಾಕುತ್ತಾರೆ, ಉಳಿದವರಿಗೆ ಅದು ತೆರೆಯೋದಿಲ್ಲ. ಒಂದೇ ಡ್ರೈವಿನೊಳಗೆ ಫೈಲನ್ನು ಸರಿಸಿದರೆ ಅದು ಹಳೆಯ ಅನುಮತಿಯನ್ನೇ ಹೊತ್ತುಕೊಂಡು ಹೋಗುತ್ತದೆ. ನಕಲು ಮಾಡಿ ಹಾಕಿದರೆ ಹೊಸ ಜಾಗದ್ದು ಹಿಡಿಯುತ್ತದೆ. ಅವರಿಗೆ ಕಂಟ್ರೋಲ್ ಎಕ್ಸ್ ಬೇಡ, ಕಂಟ್ರೋಲ್ ಸಿ ಮಾಡಿ ಅಂತ ಹೇಳಿಕೊಟ್ಟಿದ್ದೇನೆ. ನೆನಪಾದರೆ ಮಾಡುತ್ತಾರೆ.

ಆಡಿಟರ್ ಬಂದಾಗ ಅವರಿಗೆ ಬೇರೆಯೇ ಖಾತೆ, ಲೆಕ್ಕ ಮತ್ತು ಸಾಲ ಎರಡಕ್ಕೂ ರೀಡ್ ಮಾತ್ರ. ಮೊದಲೆಲ್ಲ ಯಾರದೋ ಸೀಟಿನಲ್ಲಿ ಕೂತು ಅವರ ಹೆಸರಿನಲ್ಲೇ ನೋಡುತ್ತಿದ್ದರು. ಆಡಿಟ್ ಮುಗಿದ ದಿನ ಆ ಖಾತೆಯನ್ನು ಡಿಸೇಬಲ್ ಮಾಡುತ್ತೇನೆ, ಅಳಿಸೋದಿಲ್ಲ, ಮುಂದಿನ ವರ್ಷ ಪಾಸ್‌ವರ್ಡ್ ಬದಲಿಸಿ ಅದನ್ನೇ ಚಾಲೂ ಮಾಡಿದರಾಯಿತು. ಈ ಸಲ ಬಂದವರು ಕಿರಾಣಿ ಸ್ಟಾಕೂ ಬೇಕು ಅಂದರು. ಹಾಳೆಯಲ್ಲಿ ಆ ಚೌಕ ಖಾಲಿ ಇತ್ತು. ಸೆಕ್ರೆಟರಿಯವರು ಪೆನ್ನು ತೆಗೆದು "ನೋಡಿದ್ರೆ ಸಾಕು" ಅಂತ ಬರೆದು ಸಹಿ ಹಾಕಿದರು, ನಾನು ಆ ಖಾತೆಯನ್ನು ಕಿರಾಣಿ ಸ್ಟಾಕ್ ನೋಡುವವರ ಗ್ರೂಪಿಗೆ ಸೇರಿಸಿದೆ.